ಬೀಗರ ಚಪ್ಪಟೆ ಮೂಗಿನ ಗುಂಡು

ನಾನು ಯಾರ ಸುದ್ದಿಗೂ ಹೋಗುವವಳಲ್ಲ. ಸುದ್ದಿಗಳೇ ಚಪ್ಪಲಿ ಬಿಟ್ಟು ನಮ್ಮನೆ ಒಳಗೆ ಬರುತ್ತವೆ. ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿನ ಈ ಮಗಳ ಮನೆಗೆ ಬೀಗರೂ ಬಂದು ಸೇರಿದ ಮೇಲಂತೂ ಒಂದು ವಾರ ಖಾಲಿ ಹೋಗಿಲ್ಲ. ಬೀಗರು ಅಂದರೆ ಅಳಿಯನ ಅಪ್ಪ, ಎಪ್ಪತ್ತು ದಾಟಿದವರು. ಈ ವಯಸ್ಸಿನವರು ಭಜನೆಗೆ ಹೋಗುತ್ತಾರೆ. ಇವರು ಪಿಸ್ತೂಲು ಸ್ಪರ್ಧೆಗೆ ಹೋಗುತ್ತಾರೆ. ಅಂಗಡಿ ತೋಟಾ ಆಗದು. ಗರಾಜಿನಲ್ಲಿ ಮೇಜು ಹಾಕಿಕೊಂಡು ತಾವೇ ಹಿತ್ತಾಳೆ ಚಿಪ್ಪಿಗೆ ಮದ್ದು ತುಂಬಿ, ಮೇಲೆ ಗುಂಡು ಕೂರಿಸಿ ಒತ್ತಬೇಕು.

ಆ ಮೇಜಿನ ಜಾಗ ನನ್ನ ಎರಡನೇ ಫ್ರಿಜ್ಜಿಗೆ ಬೇಕಿತ್ತು. ಮಗಳು ತೀರ್ಪು ಕೊಟ್ಟಳು: "ಮಾವ, ಒಂದೇ ಒಂದು ತೋಟಾ ಪಿಸ್ತೂಲಿನಲ್ಲಿ ಎಡವಟ್ಟು ಮಾಡಿದರೂ ಮೇಜು ಆಚೆಗೆ, ಅಮ್ಮನ ಫ್ರಿಜ್ಜು ಒಳಗೆ." ಅವತ್ತೇ ನಾನು ಟೊಂಕ ಕಟ್ಟಿ ನಿಂತೆ.

೧. ತಕ್ಕಡಿ

ಬಾಗಿಲ ಸಂದಿಯಿಂದ ನೋಡಿದೆ. ಬೀಗರ ಎದುರಿಗೆ ಪುಟಾಣಿ ತಕ್ಕಡಿ, ಬೂದಿ ಬಣ್ಣದ ಪುಡಿ. ಚಿಟಿಕೆ ಹಾಕುತ್ತಾರೆ, ಚಿಟಿಕೆ ತೆಗೆಯುತ್ತಾರೆ. ಹ್ಯೂಸ್ಟನ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಫೋನು ಹಚ್ಚಿ, "ನಾನೇನೂ ಹೇಳಲ್ಲಮ್ಮ, ಕಂಡಿದ್ದಷ್ಟೇ" ಅಂತ ಶುರು ಮಾಡಿದೆ.

ಸಂಜೆಗೆ ಆಸ್ಟಿನ್‌ನಲ್ಲಿ ಓದುವ ಮೊಮ್ಮಗಳು ಮಗಳಿಗೆ ಫೋನು ಮಾಡಿದಳು. "ಮಾಮ್, ಈಸ್ ತಾತ ಸೆಲ್ಲಿಂಗ್ ಡ್ರಗ್ಸ್?"

ಮಗಳು ನನ್ನ ಕಡೆ ತಿರುಗಿದಳು. "ಅಮ್ಮ, ಯಾರು ಹೇಳಿದ್ದು ಇದನ್ನ?"

"ಊರೇ ಹೇಳ್ತಿದೆ ಕಣೇ" ಅಂದೆ. ಸುಳ್ಳಲ್ಲ. ಅಷ್ಟು ಹೊತ್ತಿಗೆ ಊರೇ ಹೇಳುತ್ತಿತ್ತು.

೨. ಮೂಗು

ಆಸ್ಟಿನ್ ಸ್ಪರ್ಧೆಗೆ ಮೂರು ವಾರ ಇರುವಾಗ ದುಂಡು ಮೂಗಿನ ಗುಂಡು ಮುಗಿಯಿತು. ಅಂಗಡಿಯಲ್ಲಿ ಸಿಕ್ಕಿದ್ದು ಚಪ್ಪಟೆ ಮೂಗಿನದು. ತೂಕ ಅದೇ, ಮೂತಿ ಬೇರೆ. ಬೀಗರು ಮದ್ದಿನ ಅಳತೆಯ ಪುಸ್ತಕ ತೆಗೆದು ಮತ್ತೆ ಒಂದನೇ ಕ್ಲಾಸಿನಿಂದ ಓದಲು ಕೂತರು.

"ಹಳೇ ಅಳತೇಲೇ ತುಂಬಿ ಮುಗಿಸಬಾರದಾ ಬೀಗರೇ?"

"ಬೀಗಿತ್ತಿಯವರೇ, ಇದರ ಭುಜ ಅಗಲ. ಹಳೇ ಉದ್ದಕ್ಕೆ ಬಿಟ್ಟರೆ ನಳಿಗೆಯೊಳಗೆ ಮೊದಲೇ ತಗುಲಿ ಸಿಕ್ಕಿಕೊಳ್ಳುತ್ತೆ. ಆಳಕ್ಕೆ ಒತ್ತಿದರೆ ಚಿಪ್ಪಿನೊಳಗೆ ಜಾಗ ಕಮ್ಮಿಯಾಗಿ ಒತ್ತಡ ಏರುತ್ತೆ. ಈ ಗುಂಡಿಗೇ ಅಂತ ಪುಸ್ತಕದಲ್ಲಿರೋ ಕನಿಷ್ಠ ಮದ್ದಿನಿಂದ ಹೊಸದಾಗಿ ಶುರು ಮಾಡಬೇಕು."

ನನಗೆ ತಟ್ಟನೆ ಅರ್ಥವಾಯಿತು. ಮದುವೆಯಾದ ಹೊಸದರಲ್ಲಿ ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿ, ಅದೇ ಗಟ್ಟಿ ಹಿಟ್ಟನ್ನೇ ಒತ್ತಿದ್ದೆ. ಒರಳು ಪಕ್ಕಕ್ಕೆ ಸೀಳಿ ಹಿಟ್ಟು ಅತ್ತೆಯ ಸೆರಗಿಗೆ ಹಾರಿತ್ತು. ಅರ್ಥವಾಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಫ್ರಿಜ್ಜು ಬೇಕಲ್ಲ.

ಆಗಲೇ ಬೀಗರ ಸ್ಪರ್ಧೆಯ ಗೆಳೆಯರೊಬ್ಬರು, ಮನೆಯಲ್ಲಿ ಎಲ್ಲರೂ ಹ್ಯೂಸ್ಟನ್ ಅಂಕಲ್ ಅನ್ನುವವರು, ಸ್ಪೀಕರ್ ಫೋನಿನಲ್ಲಿ ಗುಡುಗಿದರು. "ಏನ್ರೀ ರಾಯರೇ, ಮೂಗು ನೋಡಿಕೊಂಡು ಕೂತಿದ್ದೀರಿ! ಹೆಣ್ಣು ನೋಡೋಕೆ ಹೋಗಿದ್ದೀರಾ? ನಾನೂ ಚಪ್ಪಟೆ ಮೂಗಿಂದೇ ತಂದು ಹಳೇ ಅಳತೇಲೇ ಇನ್ನೂರು ಮುಗಿಸಿದೆ."

"ಹೆಣ್ಣು ನೋಡುವಾಗ ಇಷ್ಟು ನೋಡಿರಲಿಲ್ಲ ಸ್ವಾಮಿ, ಅದಕ್ಕೇ ಈಗ ನೋಡ್ತಿದ್ದೀನಿ" ಅಂದರು ಬೀಗರು.

೩. ಸೌತ್‌ಲೇಕಿನ ಒಬ್ಬಟ್ಟು

ಮದ್ದು ಹಾಕುವಾಗ ಮಾತಿಲ್ಲ, ಫೋನಿಲ್ಲ, ಗಾಳಿಗೆ ತಕ್ಕಡಿ ಅಲ್ಲಾಡುತ್ತೆ ಅಂತ ಬಾಗಿಲೂ ತೆಗೆಯುವ ಹಾಗಿಲ್ಲ. ಆದರೆ ಹೊಟ್ಟೆಯಲ್ಲಿ ಸುದ್ದಿ ಇಟ್ಟುಕೊಂಡು ಎಷ್ಟು ಹೊತ್ತು ಇರಲಿ? ಕಾಫಿ ನೆಪದಲ್ಲಿ ನುಗ್ಗಿದೆ.

"ಕೇಳಿದ್ರಾ? ಪಕ್ಕದೂರು ಸೌತ್‌ಲೇಕಿನ ಆಂಟಿ ಗೃಹಪ್ರವೇಶದಲ್ಲಿ 'ಒಬ್ಬಟ್ಟೆಲ್ಲ ನನ್ನ ಕೈಯದೇ' ಅಂತ ಬಡಿಸ್ತಿದ್ದಳಂತೆ. ಅಷ್ಟರಲ್ಲಿ ಕೇಟರಿಂಗ್‌ನವನು ಬಾಗಿಲು ಬಡಿದನಂತೆ..."

ಬೀಗರ ಕೈ ನಿಂತಿತು. ಚಿಪ್ಪು ಜೋಡಿಸಿದ್ದ ಟ್ರೇ ನೋಡಿದರು, ನನ್ನ ಮುಖ ನೋಡಿದರು. "ಇದಕ್ಕೆ ಮದ್ದು ಹಾಕಿದ್ನಾ? ಎರಡು ಸಲ ಹಾಕಿದ್ನಾ?"

"ಹಾಕಿದ್ರಿ ಅನ್ಸುತ್ತೆ."

"ಅನ್ಸುತ್ತೆ ಅನ್ನೋದು ಇಲ್ಲಿ ನಡೆಯಲ್ಲ."

ಟ್ರೇಯ ಚಿಪ್ಪುಗಳಲ್ಲಿದ್ದ ಮದ್ದನ್ನೆಲ್ಲ ವಾಪಸ್ ಡಬ್ಬಿಗೆ ಸುರಿದರು. ಅದು ಸಾಲದು, ಅವುಗಳ ಮೇಲೂ ಅನುಮಾನ ಅಂತ, ಬೆಳಗ್ಗೆ ಮುಗಿಸಿಟ್ಟಿದ್ದ ಅರವತ್ತು ತೋಟಾಗಳನ್ನೂ ಸುತ್ತಿಗೆಯಂಥ ಒಂದು ಸಾಧನದಲ್ಲಿ ಕುಟ್ಟಿ ಕುಟ್ಟಿ ಒಂದೊಂದಾಗಿ ಬಿಚ್ಚಿದರು. ಎರಡು ದಿನ ಹಿಡಿಯಿತು. ಮೂರನೇ ದಿನ ಕೈ ತೊಳೆದು ಅಡುಗೆಮನೆಗೆ ಬಂದು ಗಂಭೀರವಾಗಿ ನಿಂತರು. ಬೈಗುಳಕ್ಕೆ ಸಿದ್ಧಳಾದೆ.

"ಬಾಗಿಲು ಬಡಿದ. ಆಮೇಲೆ?"

೪. ಟಕ್

ಹಾಳು ಮಾಡಿದ ತಪ್ಪಿಗೆ ನನಗೊಂದು ಕೆಲಸ ಬಿತ್ತು. ಪಿಸ್ತೂಲಿನಿಂದ ಬಿಚ್ಚಿ ಬೇರೆ ಇಟ್ಟ ನಳಿಗೆಗೆ ತಯಾರಾದ ಒಂದೊಂದೇ ತೋಟಾ ಇಳಿಬಿಡಬೇಕು. ಟಕ್ ಅಂತ ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ಬೋರಲು ಹಾಕಿದರೆ ತಾನೇ ಜಾರಿ ಬೀಳಬೇಕು. ತಪ್ಪು ಹುಡುಕುವ ಕೆಲಸ ಅಂದರೆ ನನಗೆ ಹೇಳಿಕೊಡಬೇಕೇ? ಸರಿಯಾಗಿ ಕೂರದವು ಮೂರು ಸಿಕ್ಕಿದವು! ಮುಷ್ಟಿಯಲ್ಲಿ ಹಿಡಿದು ಮಗಳ ಹತ್ತಿರ ಓಡಿದೆ.

"ನೋಡೇ, ಮೂರು ಎಡವಟ್ಟು! ತೆಗೆಸು ಮೇಜು."

"ಪಿಸ್ತೂಲಿಗೆ ಹೋಗೋ ಮುಂಚೆ ಸಿಕ್ಕಿತಲ್ಲಮ್ಮ" ಅಂದಳು. "ಅದಕ್ಕೇ ತಾನೇ ನಿನ್ನನ್ನ ಕೂರಿಸಿರೋದು?"

ಫ್ರಿಜ್ಜಿಗೆ ನಾನೇ ಕಲ್ಲು ಹಾಕಿಕೊಂಡಿದ್ದೆ.

೫. ಆಸ್ಟಿನ್

ಸ್ಪರ್ಧೆಗೆ ನಾನೂ ಹೋದೆ. ಹ್ಯೂಸ್ಟನ್ ಅಂಕಲ್ ಮೊದಲನೇ ತೋಟಾ ತುಂಬಿದರು. ಪಿಸ್ತೂಲು ಅರ್ಧ ಬಾಯಿ ಬಿಟ್ಟುಕೊಂಡು ನಿಂತಿತು. ಮುಚ್ಚಲೂ ಇಲ್ಲ, ತೆಗೆಯಲೂ ಇಲ್ಲ. ಮೇಲ್ವಿಚಾರಕ ಓಡಿ ಬಂದು ಅವರನ್ನು ಸಾಲಿನಿಂದ ಆಚೆ ನಿಲ್ಲಿಸಿದ. ಇನ್ನೂರಕ್ಕೆ ಇನ್ನೂರೂ ಅದೇ ಅಳತೆ.

"ರಾಯರೇ, ನಿಮ್ಮದೇ ಒಂದಿಷ್ಟು ಕೊಡ್ರೀ, ಬೇರೆ ಪಿಸ್ತೂಲು ಇದೆ."

"ನನ್ನ ನಳಿಗೆಗೆ ಅಳೆದದ್ದು ನಿಮ್ಮದಕ್ಕೆ ಕೊಡಲ್ಲ. ಬೈಯಿರಿ ಬೇಕಾದರೆ."

ಬೀಗರ ನೂರು ತೋಟಾವೂ ಎಡವದೆ ಹಾರಿದವು. ಕೊನೆಯಿಂದ ಎರಡನೇ ಸ್ಥಾನ! ಎದೆ ಉಬ್ಬಿಸಿಕೊಂಡು ಬಂದರು. "ನಿಮಗಿಂತ ಹಿಂದೆ ಇರೋರು ಗುಂಡೇ ಹಾರಿಸದ ಒಬ್ಬರು ಮಾತ್ರ" ಅಂದೆ. ಎರಡೂ ಕೈ ನನ್ನ ಮುಂದೆ ಚಾಚಿದರು. "ಹತ್ತು ಬೆರಳೂ ಇದೆ, ಎಣಿಸಿಕೊಳ್ಳಿ."

ಮೇಜು ಉಳಿಯಿತು.

೬. ಊರೇ ಹೇಳ್ತಿದೆ

ಹೋದ ವಾರ ಹ್ಯೂಸ್ಟನ್‌ನ ಅದೇ ಚಿಕ್ಕಮ್ಮನ ಮಗಳ ಫೋನು ಬಂತು. ದನಿಯಲ್ಲಿ ಸಕ್ಕರೆ.

"ಅಕ್ಕ, ಡಲ್ಲಾಸ್ ಕಡೆ ಯಾರೋ ಅಜ್ಜಿಯಂತೆ. ದಿನಾ ಮಧ್ಯಾಹ್ನ ಬೀಗರ ಜೊತೆ ಗರಾಜಿಗೆ ಹೋಗಿ ಬಾಗಿಲು ಹಾಕ್ಕೊಂಡರೆ ಎರಡು ಗಂಟೆ ಆಚೆ ಬರಲ್ಲವಂತೆ. ಒಳಗೆ ಮಾತೂ ಇಲ್ಲವಂತೆ. ಬರೀ ಟಕ್, ಟಕ್."

ಯಾರು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಕೇಳಬೇಕಲ್ಲ. "ಯಾರೇ ಹೇಳಿದ್ದು?"

"ಊರೇ ಹೇಳ್ತಿದೆ ಅಕ್ಕ."

"ಊರಿಗೆ ಸರಿಯಾಗಿ ಹೇಳು. ಎರಡಲ್ಲ, ಮೂರು ಗಂಟೆ" ಅಂದೆ. ಫೋನು ಆಫ್ ಮಾಡಿ ಅಡುಗೆಮನೆಯಲ್ಲೇ ಬಿಟ್ಟು, ಗರಾಜಿಗೆ ಹೋಗಿ ನಾನೇ ಬಾಗಿಲು ಹಾಕಿದೆ. ನಳಿಗೆಗೆ ಇಳಿಬಿಡಬೇಕಾದ ತೋಟಾ ಇನ್ನೂ ಎಂಬತ್ತೇಳು ಬಾಕಿ ಇತ್ತು.