ಅಕ್ಷತೆ ನುಂಗಿದ ಪ್ರೊಜೆಕ್ಟರ್

ಶಿಕಾರಿಪುರದಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟ ಮೇಲೆ ನಗುವುದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿಲ್ಲ. ನಗು ಬಾಗಿಲಿಗೇ ಬರುತ್ತದೆ, ಬರುವಾಗ ಮಾತ್ರ ಬೈಗುಳದ ವೇಷದಲ್ಲಿರುತ್ತದೆ.

೧. ಮದುಮಗಳ ಷರತ್ತು

ಹೊಸಬಾಳೆಯ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ತನ್ನದೇ ಮದುವೆ, ಆನವಟ್ಟಿಯ ಛತ್ರದಲ್ಲಿ. ಮಂಟಪ ಮಹಡಿಯ ಮೇಲೆ, ಊಟದ ಹಾಲ್ ಕೆಳಗೆ. ಇವಳನ್ನು ಸಾಕಿದ ಅಜ್ಜಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು.

"ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬಹುದಲ್ಲಮ್ಮ?" ಅಂದೆ.

"ಹೇಳಿ ನೋಡಿದ್ವಿ ರೀ. 'ನನ್ನನ್ನ ಹೊರೋದು ಒಂದೇ ಸಲ, ಅದಕ್ಕಿನ್ನೂ ಟೈಮಿದೆ' ಅಂತಾಳೆ."

"ಫೋನಲ್ಲಿ ತೋರಿಸಿದ್ರೆ?"

"'ಅಂಗೈಯಷ್ಟು ಮದ್ವೆ ನೋಡೋಕೆ ನಿನ್ನ ಸಾಕಿದ್ನೇನೆ' ಅಂತ ಕೇಳ್ತಾಳೆ."

ಹಾಗಾಗಿ ಮೇಲೆ ನಡೆಯುವುದು ಕೆಳಗಿನ ಗೋಡೆಯ ಮೇಲೆ ದೊಡ್ಡದಾಗಿ ಕಾಣಬೇಕು. ಬೆಳಗಿನ ಪೂಜೆಯಿಂದ ತಾಳಿ ಕಟ್ಟುವ ತನಕ ಎಲ್ಲೂ ನಿಲ್ಲಬಾರದು. "ಅಜ್ಜಿ ನೋಡ್ದೇ ಇದ್ರೆ ನನಗೆ ಮದ್ವೆ ಆದ ಹಾಗೇ ಅನ್ಸಲ್ಲ ರೀ" ಅಂದಳು.

"ಆಗ್ಲಿ ಬಿಡಮ್ಮ" ಅಂದುಬಿಟ್ಟೆ. ಅವಳು ಹೋದ ಮೇಲೆ ನೆನಪಾಯಿತು, ನನ್ನ ಪ್ರೊಜೆಕ್ಟರು ಇವತ್ತಿನವರೆಗೆ ಒಂದು ಸತ್ಯನಾರಾಯಣ ಕಥೆಯನ್ನೂ ಪೂರ್ತಿ ಕೇಳಿದ್ದಿಲ್ಲ.

೨. ಸೊಸೆ ಲೋಟ ಎತ್ತಿದ್ದು

ಆದರೂ ನನ್ನಲ್ಲಿದ್ದದ್ದು ಹೊಸದು, ಟಿಫಿನ್ ಡಬ್ಬಿಯಷ್ಟು ಪುಟ್ಟದು, ನೋಡೋಕೆ ಚೆಂದ. ಒಂದು ಪರೀಕ್ಷೆ ಮಾಡೋಣ ಎಂದು ಮಧ್ಯಾಹ್ನವಿಡೀ ಮನೆಯ ಗೋಡೆಗೆ ಧಾರಾವಾಹಿ ಬಿಟ್ಟೆ. ಹೆಂಡತಿ ಒಬ್ಬಳೇ ನೋಡಲಿ ಅಂತ ಬಿಟ್ಟದ್ದು. ಸ್ವಲ್ಪ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿದ್ದರು.

ಅತ್ತೆ ಹಾಲಿಗೆ ಏನೋ ಬೆರೆಸಿದಳು. ಸೊಸೆ ಲೋಟ ಎತ್ತಿದಳು. ನನ್ನ ಪ್ರೊಜೆಕ್ಟರಿಗೆ ಕಾವೇರಿತು, ಕಣ್ಣು ಮುಚ್ಚಿತು.

"ಏನ್ರೀ, ಕುಡಿದ್ಲೋ ಬಿಟ್ಲೋ?" ಎಂದು ಎಲ್ಲರೂ ನನ್ನನ್ನು ಕೇಳಿದರು, ಹಾಲಿಗೆ ಬೆರೆಸಿದವನು ನಾನೇ ಎಂಬಂತೆ. ಯಂತ್ರ ತಣ್ಣಗಾಗಿ ಮತ್ತೆ ಬೆಳಗಿದಾಗ ಆಸ್ಪತ್ರೆಯ ಮಂಚದ ಮೇಲೆ ಅತ್ತೆ ಮಲಗಿದ್ದಳು, ಸೊಸೆ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ನಡುವೆ ಏನಾಯಿತೆಂದು ನಮ್ಮ ಕೇರಿಗೆ ಇವತ್ತಿಗೂ ತಿಳಿದಿಲ್ಲ.

೩. ಹಗ್ಗ ಕೊಡಬಾರದು

"ದಿನವಿಡೀ ದುಡಿಯೋಕೆ ಹಳೇದೇ ಬೇಕು" ಎಂದು ತೀರ್ಮಾನಿಸಿದವರು ನನ್ನ ಮಾವ. ಹೆಂಡತಿಯ ಅಪ್ಪ, ಬದುಕೆಲ್ಲ ಎತ್ತಿನ ವ್ಯಾಪಾರ ಮಾಡಿದವರು. ಸೊರಬದಲ್ಲಿ ಟ್ಯೂಷನ್ ನಿಲ್ಲಿಸಿದ ಮೇಷ್ಟ್ರೊಬ್ಬರು ತಮ್ಮ ಹಳೆಯ ಪ್ರೊಜೆಕ್ಟರ್ ಮಾರುತ್ತಾರೆಂದು ಗೊತ್ತಾದಾಗ, ಬೇಡವೆಂದರೂ ನನ್ನ ಬೈಕ್ ಹತ್ತಿದರು.

ಮೇಷ್ಟ್ರು ಬಟ್ಟೆ ಸರಿಸಿದರು. ಅಕ್ಕಿ ಡಬ್ಬದಷ್ಟು ದೊಡ್ಡದು, ಎರಡೂ ಪಕ್ಕ ಗಾಳಿಕಿಂಡಿ, ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯದು. ಬೆಳಗಿನಿಂದ ಸಂಜೆವರೆಗೆ ಪಾಠ ಮಾಡಿದ ಯಂತ್ರ, ದೀಪ ಈಚೆಗೆ ಬದಲಿಸಿದ್ದು. ನಾನು ಮುಂದೆ ನಿಂತು ಚಿತ್ರ ನೋಡಿದೆ. ಮಾವ ಹಿಂದೆ ಹೋಗಿ ಬೆನ್ನು ಸವರಿದರು, ಕಿಂಡಿಗೆ ಅಂಗೈ ಹಿಡಿದರು.

"ಉಸಿರು ಬಿಸಿ ಐತಿ, ಆದ್ರೆ ಒಂದೇ ಸಮ ಐತಿ" ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಹಾಯ್ತದೇನ್ರೀ, ಒದೀತದೇನ್ರೀ?"

ಮೇಷ್ಟ್ರು ಗಂಭೀರವಾಗಿ, "ಇಲ್ಲ, ಒಮ್ಮೊಮ್ಮೆ ಶಾಕ್ ಹೊಡೀತಿತ್ತು, ಸರಿ ಮಾಡಿಸಿದೀನಿ" ಅಂದರು.

ವ್ಯವಹಾರ ಕುದುರಿತು. ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಕರೆಂಟಿನ ವೈರೇ ಇಲ್ಲ. ಮಾವನನ್ನು ಕೇಳಿದೆ.

"ನಾನೇ ಬಿಚ್ಚಿ ಕೊಟ್ಟು ಬಂದೆ. ಎತ್ತು ಮಾರಿದವ್ರು ಹಗ್ಗ ಕೊಡಬಾರ್ದು, ಕೊಟ್ಟಿಗೆ ಲಕ್ಷ್ಮಿ ಹೋಗ್ತಾಳೆ. ಪಾಪ, ಮೇಷ್ಟ್ರಿಗೆ ಗೊತ್ತಿಲ್ಲ."

ಆ ವೈರು ಈಗಲೂ ಸೊರಬದಲ್ಲಿದೆ. ಮೇಷ್ಟ್ರು ಅದನ್ನು ಕಳಿಸುತ್ತೇನೆಂದು ಫೋನ್ ಮಾಡಿದಾಗಲೆಲ್ಲ ಮಾವ ಅವರಿಗೇ ಬೈಯುತ್ತಾರೆ.

೪. ಆ ಮುದುಕಿ ಯಾರು?

ಮದುವೆಯ ದಿನ ಬೇರೆ ವೈರು ಸಿಕ್ಕಿಸಿ ಊಟದ ಹಾಲಿನ ನಡುವೆ ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟೆ. ಮಹಡಿಯಲ್ಲಿ ಕ್ಯಾಮೆರಾದವನು ಹಿಡಿದದ್ದೆಲ್ಲ ವೈರಿಲ್ಲದೆ ಆಗಿಂದಾಗಲೇ ಇದಕ್ಕೆ ಬರುವಂತೆ ಮಾಡಿದ್ದೆ. ಅದರ ಮುಂದೆ ಕುರ್ಚಿಯಲ್ಲಿ ಅಜ್ಜಿ, ಹಸಿರು ಸೀರೆ, ಸೆರಗಿನ ತುದಿಯಲ್ಲೊಂದು ಗಂಟು. ಪೂಜೆ ಶುರುವಾಯಿತು, ಗಿರಣಿಯೂ ಶುರುವಾಯಿತು. ಉಪ್ಪಿಟ್ಟು ಬಡಿಸುವವನು ಗೋಡೆ ನೋಡುತ್ತಾ ಒಬ್ಬರ ಎಲೆಗೇ ನಾಲ್ಕು ಸಲ ಬಡಿಸಿದ. ತಿನ್ನುವವರೂ ಗೋಡೆ ನೋಡುತ್ತಿದ್ದರಿಂದ ಜಗಳವಾಗಲಿಲ್ಲ.

ಹೊತ್ತೇರಿದಂತೆ ಯಂತ್ರ ಕಾಯಿತು. ಮಾವ ಹೆಗಲ ಮೇಲಿನ ಟವೆಲ್ ತೆಗೆದು ಅದಕ್ಕೆ ಗಾಳಿ ಹಾಕುತ್ತಾ ನಿಂತರು. "ಇನ್ನೊಂದು ಸಾಲು ಐತಿ, ಎಳೀ ಮಗನೆ" ಎಂದು ಅದರ ಬೆನ್ನು ತಟ್ಟುತ್ತಿದ್ದರು.

ಗಟ್ಟಿಮೇಳ ಕೇಳಿತು. ವರ ತಾಳಿ ಎತ್ತಿದ. ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಮನೆಯಿಂದಲೇ ತಂದ ಅಕ್ಷತೆ. ಒಂದಿಷ್ಟು ತಾವು ಹಿಡಿದು, ಉಳಿದದ್ದನ್ನು ಹಿಂದಿದ್ದವರಿಗೆ ಹಂಚಿದರು. ಕೊರಳಿಗೆ ತಾಳಿ ಬಿದ್ದ ಕೂಡಲೆ ಅಜ್ಜಿ ಗೋಡೆಯ ಮೇಲಿನ ಮೊಮ್ಮಗಳ ನೆತ್ತಿಗೆ ಗುರಿಯಿಟ್ಟು ಹಾಕಿದರು. ಹಿಂದಿದ್ದವರೂ ಹಾಕಿದರು. ಅವರದು ಗೋಡೆಯವರೆಗೆ ಹೋಗಲಿಲ್ಲ, ಅರ್ಧಕ್ಕರ್ಧ ಗಾಳಿಕಿಂಡಿಗೆ ಹೋಯಿತು.

ಕಟಕಟ ಸದ್ದಾಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಗೋಡೆಯ ಮೇಲೆ ಹುಡುಗಿ ನಗುತ್ತಿದ್ದಳು, ಯಂತ್ರ ಅಕ್ಷತೆಯನ್ನು ಅಗಿದು ಆಚೆ ಕಿಂಡಿಯಿಂದ ಮಾವನ ಪಂಚೆಗೆ ಉಗುಳುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಮಂಟಪದ ಕೆಲಸ ಮುಗಿದದ್ದೇ ಹುಡುಗಿ ಗಂಡನನ್ನು ಎಳೆದುಕೊಂಡು ಕೆಳಗೆ ಓಡಿಬಂದಳು. ಕ್ಯಾಮೆರಾದವನೂ ಚಿತ್ರ ಹಿಡಿಯುತ್ತಲೇ ಹಿಂದೆ ಬಂದು ಅಜ್ಜಿಯ ಕಡೆ ತಿರುಗಿಸಿದ. ಅಜ್ಜಿಯ ಕಣ್ಣು ಮಾತ್ರ ಗೋಡೆಯ ಮೇಲೆಯೇ. ಕಾಲು ಮುಟ್ಟಿದ ಮೊಮ್ಮಗಳ ತಲೆ ಸವರುತ್ತಾ ಕೇಳಿದರು:

"ಅದ್ಯಾರೇ ಆ ಮುದುಕಿ? ಶುಭಕಾರ್ಯದಲ್ಲಿ ಮುಂದೆ ಕೂತು ಗೊಳೋ ಅಂತ ಅಳ್ತಿದಾಳೆ. ಎಬ್ಬಿಸಿ ಅವಳನ್ನ."

"ಅದು ನೀನೇ ಅಜ್ಜಿ."

ಅಜ್ಜಿ ಗೋಡೆಯ ಕಡೆ ಬಗ್ಗಿ ನೋಡಿದರು. ಸೆರಗಿನಿಂದ ಮೂಗು ಒರೆಸಿದರು. ಗೋಡೆಯ ಮುದುಕಿಯೂ ಒರೆಸಿಕೊಂಡಳು.

"ಹಂಗಾದ್ರೆ ಆಫ್ ಮಾಡಪ್ಪ" ಅಂದರು ನನಗೆ.

ಬೆಳಗಿನಿಂದ ಒಮ್ಮೆಯೂ ನಿಲ್ಲದಿದ್ದ ಪ್ರೊಜೆಕ್ಟರನ್ನು ನಿಲ್ಲಿಸಿದೆ. ಚಿತ್ರ ಹೋಯಿತು. ಫ್ಯಾನು ಮಾತ್ರ ತಣ್ಣಗಾಗುವ ತನಕ ನಿಲ್ಲುವುದಿಲ್ಲ, ಏದುಸಿರು ಬಿಡುತ್ತಲೇ ಇತ್ತು. ಅಜ್ಜಿ ಕುರ್ಚಿಯಲ್ಲೇ ತಿರುಗಿ ಅದರ ಬೆನ್ನ ಮೇಲೆ ಕೈ ಇಟ್ಟರು.

"ನೀನೂ ಸುಮ್ನಾಗು ಮಾರಾಯ. ಮದ್ವೆ ಚೆನ್ನಾಗೇ ಆಯ್ತಲ್ಲ."