ಗೂಡಿಗೊಂದು ತಂಪು ಕೋಣೆ

ಎಂ.ಎ. ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಎರಡಕ್ಷರದಲ್ಲಿ ಮುಗಿಯುವ ಮಾತಿಗೆ ಎರಡು ಸಾಲು ಬರೆಯದಿದ್ದರೆ ನಮಗೆ ಊಟ ಸೇರುವುದಿಲ್ಲ. ಮಗಳ ಶಾಲೆಗೆ ರಜೆ ಚೀಟಿ ಬರೆದರೂ ನಾನು ಜ್ವರಕ್ಕೊಂದು ಉಪಮೆ ಹುಡುಕುತ್ತೇನೆ. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಚನ್ನಪಟ್ಟಣದ ನಮ್ಮ ಪುಟ್ಟ ಧರ್ಮಾಸ್ಪತ್ರೆಯ ಶವಾಗಾರಕ್ಕೆ ವಾಕ್-ಇನ್ ಕೂಲರ್ ಕೊಳ್ಳುವ ಕೆಲಸ ನನ್ನ ಕೊರಳಿಗೆ ಬೀಳುವವರೆಗೆ. ನಾನು ಅಲ್ಲಿ ಆಡಳಿತಾಧಿಕಾರಿ. ಹೆಸರು ದೊಡ್ಡದು, ಬಲ್ಬು ಹೋದರೂ ನನ್ನನ್ನೇ ಕರೆಯುತ್ತಾರೆ, ಬಲ್ಬು ಹಾಕುವವನು ಹೋದರೂ ನನ್ನನ್ನೇ. ನಡೆದದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಬರೆದವಳೂ ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವ ಧೈರ್ಯ ನನಗಿಲ್ಲ.

ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಒಂದು ಕಲ್ಲು ಚಪ್ಪಡಿ ಮತ್ತು ಮೀನಿನಂಗಡಿಯಿಂದ ತರಿಸುವ ಐಸು. ಕನಕಪುರದಿಂದಲೋ ಮಾಗಡಿಯಿಂದಲೋ ಹೆಣ್ಣುಮಕ್ಕಳು ಬಸ್ಸು ಹಿಡಿದು ಬರುವಷ್ಟರಲ್ಲಿ ಐಸು ನೀರಾಗಿ, ‘ಬೇಗ ಎತ್ತಿ’ ಎಂಬ ಗಲಾಟೆ ಶುರುವಾಗುತ್ತಿತ್ತು. ಇದಕ್ಕೊಂದು ಕೊನೆ ಕಾಣಿಸಬೇಕೆಂದು ಹೊರಟವರು ಅಕ್ಕೂರಿನ ಪುಟ್ಟತಾಯಮ್ಮ. ಅವರು ಯಾತ್ರೆಗೆ ಹೋಗಿದ್ದಾಗ ಇತ್ತ ಗಂಡ ತೀರಿಕೊಂಡರು. ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಮುಖ ನೋಡಕ್ ಬುಡ್ಲಿಲ್ಲ ಕಣವ್ವ. ಮಣ್ಣು ನೋಡ್ದೆ” ಎಂದು ನನ್ನ ಟೇಬಲ್ಲಿನ ಮುಂದೆ ಕೂತು ಹೇಳಿದರು. ರಸ್ತೆಗೆ ಹೋದ ಜಮೀನಿನ ಪರಿಹಾರದಲ್ಲಿ ಗಂಡನ ಹೆಸರಿನಲ್ಲಿ ಒಂದು ಕೂಲರ್ ಕೊಡಿಸುತ್ತೇನೆ, ಇನ್ನೊಬ್ಬಳಿಗೆ ಹೀಗಾಗಬಾರದು ಎಂಬುದು ಅವರ ಹಟ. ತೊಡಕೆಂದರೆ ಖಾತೆ ಜಂಟಿ. ಮೈದುನ ಸಿದ್ದೇಗೌಡರ ಸಹಿಯೂ ಬೇಕು. ಅವರಿಗೋ ಊರ ಬಾಗಿಲಿಗೆ ಅಣ್ಣನ ಹೆಸರಿನ ಕಮಾನು ಕಟ್ಟಿಸುವ ಆಸೆ. “ಹೆಣದ ಪೆಟ್ಗೆ ಮ್ಯಾಲೆ ನಮ್ಮಣ್ಣನ ಹೆಸರಾ? ಸೈನ್ ಹಾಕಾಕಿಲ್ಲ” ಎಂದು ಎದ್ದು ಹೋದರು.

ಸಹಿ ಬರಲಿ ಬಿಡಲಿ, ನಾನು ವಿಚಾರಣೆ ಶುರು ಮಾಡಿದೆ. ಬಿಡದಿಯ ಕೈಗಾರಿಕಾ ಪ್ರದೇಶದಿಂದ ಒಬ್ಬ ಸೇಲ್ಸ್ ಮಹಾಶಯ ಬಂದ. ಅದುವರೆಗೆ ಐಸ್‌ಕ್ರೀಮಿನವರಿಗೂ ಗುಲಾಬಿ ಬೆಳೆಯುವವರಿಗೂ ಮಾರಿದ್ದ ಬಾಯಿ ಅದು. “ಐಟಂ ಒಳಗೆ ಹೋಗುವಾಗ ಹೇಗಿತ್ತೋ ಹಾಗೇ ಹೊರಗೆ ಬರುತ್ತೆ ಮೇಡಂ” ಎಂದ. ಹಾಗೇ ಬಂದರೆ ಸಾಕಪ್ಪ, ಬೇರೆ ಥರ ಬಂದರೆ ನಮಗೆ ಕಷ್ಟ ಎಂದೆ. “ಒಳಗಿನಿಂದಲೂ ಬಾಗಿಲು ತೆಗೀಬಹುದು. ಸೇಫ್ಟಿ ಹ್ಯಾಂಡಲ್.” “ಯಾರಿಗೆ?” ಎಂದು ಕೇಳಿದೆ. ಆತ ಬ್ರೋಷರ್ ತಿರುವಿ ನೋಡಿದ. ಯಾರಿಗೆ ಎಂದು ಅದರಲ್ಲಿ ಬರೆದಿರಲಿಲ್ಲ.

ಮನೆಯಲ್ಲೂ ಇದೇ ಧ್ಯಾನ. “ವಾಕ್-ಇನ್ ಅಂದರೆ ಯಾರು ಕಣೇ ವಾಕ್ ಮಾಡೋದು?” ಎಂದು ನನ್ನ ಗಂಡ ನಕ್ಕರು. ಮರುದಿನ ಬೆಳಿಗ್ಗೆ ಕೂಲರಿನೊಳಗೆ ಮಲಗಿಸುವ ತಟ್ಟೆಯ ಉದ್ದ ಗೊತ್ತಾಗಲಿ ಎಂದು ಅವರನ್ನೇ ಹಜಾರದಲ್ಲಿ ಮಲಗಿಸಿ ಟೇಪು ಹಿಡಿದೆ. “ಕೈ ಎದೆ ಮೇಲೆ ಇಟ್ಕೊಳ್ಳಿ, ಅಗಲ ನೋಡಬೇಕು” ಎಂದ ಕೂಡಲೇ ದಡಕ್ಕನೆ ಎದ್ದು ಹೋಗಿ ತಿಂಡಿಯನ್ನು ಜಗಲಿಯಲ್ಲಿ ಕೂತು ತಿಂದರು. ಪುಟ್ಟತಾಯಮ್ಮನವರಿಗೆ ಇಂಥ ಸಂಕೋಚವಿರಲಿಲ್ಲ. ನಕ್ಷೆ ತೋರಿಸಿದರೆ, “ಟ್ರೇನ್ನಂಗೆ ಮ್ಯಾಲೊಂದು ಕೆಳಗೊಂದು ಐತಾ? ನಂಗೆ ಕೆಳಗಿಂದೇ ಇರ್ಲಿ ಕಣವ್ವ. ಮಂಡಿ ನೋವು, ಹತ್ತಕ್ಕಾಗಲ್ಲ” ಎಂದು ಬೆರಳಿಟ್ಟು ತೋರಿಸಿದರು.

ಈಗ ನನ್ನ ಕಾಯಿಲೆಯ ವಿಚಾರ. ಊರವರಿಗೆ ತಿಳಿಸಲು ಒಂದು ಕರಪತ್ರ ಬೇಕಿತ್ತು. ಹೆಣ ಎಂದು ಬರೆಯಲು ಕೈ ಬರಲಿಲ್ಲ. ಶವ ಎಂದರೆ ಪೊಲೀಸರ ಭಾಷೆ. ಪಾರ್ಥಿವ ಶರೀರ ಎಂದರೆ ಮಂತ್ರಿಗಳಿಗೆ ಮೀಸಲು. ಯೋಚಿಸಿ ಯೋಚಿಸಿ ಬರೆದೆ: ‘ಹಾರಿಹೋದದ್ದು ಹಾರಿಹೋಯಿತು. ಉಳಿದ ಗೂಡು ಕೆಡದಂತೆ ಕಾಯುವ ತಂಪು ಕೋಣೆ. ನಿಮ್ಮವರಿಗಾಗಿ, ನಿಮ್ಮ ಊರಿನಲ್ಲೇ.’ ಬರೆದು ನಾನೇ ಕಣ್ಣೊರೆಸಿಕೊಂಡೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಸಿದ್ದೇಗೌಡರು ಕರಪತ್ರ ಹಿಡಿದು ತಾವಾಗಿಯೇ ಬಂದರು. “ಗೂಡು ಅಂತ ಬರ್ದಿದ್ರಲ್ಲ ಮೇಡಂ, ನಾನೇ ತಪ್ಪು ತಿಳ್ಕಂಡಿದ್ದೆ. ನಮ್ ಕಷ್ಟ ನಿಮಗಾದ್ರೂ ಅರ್ಥ ಆಯ್ತಲ್ಲ. ಎಲ್ಲಿ ಹಾಕ್ಬೇಕು ಸೈನು?” ಎಂದರು. ಮೊದಲ ಚೆಕ್ಕಿಗೆ ಸಹಿ ಬಿತ್ತು. ನನ್ನ ಗದ್ಯಕ್ಕೆ ಕಲ್ಲೂ ಕರಗಿತೆಂದು ಆ ದಿನ ದಿನಚರಿಯಲ್ಲಿ ಒಂದೂವರೆ ಪುಟ ತುಂಬಿಸಿದ್ದೇನೆ. ರಾಮನಗರದ ಸುತ್ತಮುತ್ತ ಗೂಡು ಎಂದರೆ ರೇಷ್ಮೆಗೂಡು, ಹುಳ ಸಾಕುವ ಸಿದ್ದೇಗೌಡರಂಥವರಿಗೆ ಅದು ಬಿಟ್ಟರೆ ಬೇರೆ ಅರ್ಥವೇ ಇಲ್ಲ ಎಂಬುದು ಇಲ್ಲೇ ಹುಟ್ಟಿ ಬೆಳೆದ ನನಗೆ ಒಂದು ಕ್ಷಣವೂ ಹೊಳೆಯಲಿಲ್ಲ.

ಕೂಲರಿನ ಲಾರಿ ಬಿಡದಿಯಿಂದ ಹೊರಟು, ಪುಟ್ಟತಾಯಮ್ಮನವರ ಅಪ್ಪಣೆಯಂತೆ ಕೆಂಗಲ್ ಆಂಜನೇಯನ ಮುಂದೆ ನಿಂತು, ಚಕ್ರದಡಿ ನಿಂಬೆಹಣ್ಣು ಜಜ್ಜಿಸಿಕೊಂಡು, ಕಂಪ್ರೆಸರಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮದುಮಗನಂತೆ ಬಂತು. ಜೋಡಣೆ ಮುಗಿದು ಚಾಲೂ ಮಾಡಿದ ಬೆಳಿಗ್ಗೆ ಸಿದ್ದೇಗೌಡರು ಒಂದು ಲಗೇಜ್ ಆಟೋದೊಂದಿಗೆ ಹಾಜರಾದರು. ಅದರ ತುಂಬ ರೇಷ್ಮೆಗೂಡಿನ ಮೂಟೆಗಳು. ನೆನಪಿನಲ್ಲಿ ಅಂಗಳವೆಲ್ಲ ಮೂಟೆ; ಒಂದು ಆಟೋದಲ್ಲಿ ಅಷ್ಟು ಹಿಡಿಯುವುದಿಲ್ಲವೆಂದು ನನಗೂ ಗೊತ್ತು.

“ಮೊದಲ ಬೋಣಿ ನಮ್ದೇ ಆಗ್ಬೇಕು ಮೇಡಂ” ಎಂದರು.

“ಅಯ್ಯೋ, ಹಾಗನ್ನಬೇಡಿ ಗೌಡ್ರೇ! ನೂರು ವರ್ಷ ಇರಿ!”

“ನೂರು ವರ್ಸ ಯಾಕೆ, ಒಂದು ವಾರ ಇಟ್ರೆ ರೇಟ್ ಬತ್ತದೆ. ಅಂದಂಗೆ ನೀವು ಪೇಪರ್‌ನಾಗೆ ಒಸಿ ತಪ್ಪು ಬರ್ದಿದ್ರಿ. ಚಿಟ್ಟೆ ಹಾರೋದ ಗೂಡ್ನ ಯಾರ್ ತಗೋತಾರೆ? ನಾನು ಹಾರಕ್ ಮುಂಚೇನೇ ತಂದಿವ್ನಿ.”

ಅಷ್ಟರಲ್ಲಿ ಅವರ ಕಣ್ಣು ಒಳಗಿನ ಆಳುದ್ದದ ತಟ್ಟೆಗಳ ಮೇಲೆ ಬಿತ್ತು. ಒಂದು ಸಲ ತಟ್ಟೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಕೇಳಿಸಿದ್ದನ್ನೆಲ್ಲ ಬರೆಯುವಂತಿಲ್ಲ. ಸಾರಾಂಶ ಇಷ್ಟು: ಉಳಿದ ಚೆಕ್ಕಿಗೆ ಸಹಿ ಹಾಕುವುದಿಲ್ಲ, ಈ ಡಬ್ಬವನ್ನು ಈಗಲೇ ಬಿಚ್ಚಿ ಬಿಡದಿಗೆ ಹೊರಡಿಸಿ. ಸೇಲ್ಸ್ ಮಹಾಶಯ ನಿಜವಾಗಿಯೂ ಜೇಬಿನಿಂದ ಸ್ಪ್ಯಾನರ್ ತೆಗೆದ. ನಾನು ಕರಪತ್ರವನ್ನು ಸೆರಗಿನಡಿ ಬಚ್ಚಿಟ್ಟೆ.

ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದ ಪುಟ್ಟತಾಯಮ್ಮ ಎದ್ದರು. “ಲೇ ಸಿದ್ದ, ಮೇಡಮ್ಮು ಸರಿಯಾಗೇ ಬರ್ದವ್ರೆ. ಹುಳದ್ ಗೂಡ್ನ ವಾರಗಟ್ಲೆ ಇಟ್ಕೊಂಡು ರೇಟ್ ಕಾಯ್ತೀಯ. ನಿಮ್ಮಣ್ಣನ ಗೂಡ್ನ ನಾನ್ ಬರೋಗಂಟ ಇಟ್ಕಳಕ್ಕಾಗ್ಲಿಲ್ವಲ್ಲ ನಿಂಗೆ.”

ಸಿದ್ದೇಗೌಡರ ದನಿ ಇಳಿಯಿತು. “ಬಿಸ್ಲಿತ್ತು ಅತ್ಗೆ... ಕೆಟ್ಟೋಯ್ತದೆ ಅಂತ ಎಲ್ರೂ ಆತುರ ಮಾಡುದ್ರು.”

“ಅದ್ಕೇ ಕಣ್ಲಾ ಈ ಕೋಣೆ.”

ಹೀಗೆಂದವರೇ ಸೀರೆ ಎತ್ತಿ ಸಿಕ್ಕಿಸಿಕೊಂಡು ನೇರ ಒಳಗೆ ನಡೆದರು. ವಾಕ್-ಇನ್ ಎಂಬ ಪದಕ್ಕೆ ಕೊನೆಗೂ ಒಂದು ಅರ್ಥ ಬಂತು. ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು. ಹೊರಗೆ ಹಾಹಾಕಾರ. ಸೇಲ್ಸ್ ಮಹಾಶಯ ಹಿಡಿಕೆಯನ್ನು ತಿರುಗಿಸಬಾರದ ಕಡೆಗೆಲ್ಲ ತಿರುಗಿಸಿದ. “ಅತ್ಗೇ! ಹಾಕ್ತೀನಿ ಸೈನು! ಈಚೆಗ್ ಬಾ ಅತ್ಗೇ!” ಎಂದು ಸಿದ್ದೇಗೌಡರು ಬಾಗಿಲು ಗುದ್ದಿದರು. ಆಗ ಒಳಗಿನಿಂದ ಟಕ್ಕೆಂದಿತು. ತಲೆ ತುಂಬ ಸೆರಗು ಹೊದ್ದ ಪುಟ್ಟತಾಯಮ್ಮ ನಿಧಾನವಾಗಿ ಹೊರಗೆ ಬಂದರು.

“ಒಸಿ ತಂಪು ಜಾಸ್ತಿ. ಆದ್ರೂ ಚೆನ್ನಾಗೈತೆ” ಎಂದರು. ಮತ್ತೆ ಹಿಂದೆ ತಿರುಗಿ, ನೆಂಟರ ಮನೆಯಿಂದ ಹೊರಡುವವರಂತೆ ಖಾಲಿ ತಟ್ಟೆಗಳಿಗೆ ಹೇಳಿದರು: “ಬತ್ತೀನಿ.”

“ಅಯ್ಯೋ, ಅಲ್ಲಿಗ್ ಬತ್ತೀನಿ ಅಂತಾರಾ ಅತ್ಗೆ!”

“ಇಲ್ಲಿಗ್ ಬರ್ದೆ ಇನ್ನೆಲ್ಲಿಗ್ಲಾ ಹೋಗ್ಲಿ?”

ಸಿದ್ದೇಗೌಡರು ಆಟೋದ ಸೀಟಿನ ಮೇಲೆ ಚೆಕ್ಕಿಟ್ಟು ಸಹಿ ಹಾಕಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಯಾರೂ ಇಲ್ದಿದ್ದಾಗ ಎರಡು ಮೂಟೆ ಇಟ್ಕೋಬೋದಾ ಮೇಡಂ?” ಎಂದು ಕೇಳಿದರು. ಜೀವನದಲ್ಲಿ ಮೊದಲ ಸಲ ನಾನು ಎರಡಕ್ಷರದಲ್ಲಿ ಉತ್ತರ ಕೊಟ್ಟೆ: ಇಲ್ಲ.

ಈಗ ಕೋಣೆಯ ಮೇಲೆ ಪುಟ್ಟತಾಯಮ್ಮನವರ ಗಂಡನ ಹೆಸರು, ಅದರ ಕೆಳಗೆ ‘ಶವಾಗಾರ’ ಎಂದಷ್ಟೇ ಬರೆಸಿದ್ದೇನೆ. ಹೆಣ್ಣುಮಕ್ಕಳು ಬರುತ್ತಾರೆ, ಆತುರವಿಲ್ಲದೆ ಮುಖ ನೋಡುತ್ತಾರೆ. ನಾನು ವಾರಕ್ಕೊಮ್ಮೆ ಹೋಗಿ ಒಳಗಿನ ಹಿಡಿಕೆಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಬರುತ್ತೇನೆ. ಮೊನ್ನೆ ಅಟೆಂಡರ್ ಕೇಳಿದ: “ಕಿರ್ರ್ ಅನ್ನೋದು ಹೊರಗಿನ ಹಿಡ್ಕೆ ಮೇಡಂ. ಒಳಗಿನದು ಯಾರಿಗೆ ಅಂತ?”

ಬ್ರೋಷರಿನಲ್ಲಿ ಬರೆದಿಲ್ಲ, ಎಂದೆ. ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿಕೊಂಡು ಹೊರಟೆ. ಹೊರಡುವಾಗ ನಾನೂ ‘ಬತ್ತೀನಿ’ ಎಂದೆನಂತೆ. ಅಟೆಂಡರ್ ಆಣೆ ಮಾಡಿ ಹೇಳುತ್ತಾನೆ. ನನಗೆ ನೆನಪಿಲ್ಲ; ದಿನಚರಿಯಲ್ಲೂ ಬರೆದಿಲ್ಲ.