ಎಲ್ಲರಿಗೂ ಹತ್ತಿ

ಒಂದು ಒಳ್ಳೆಯ ಮಾತು ಹೇಳಲು ಹೋಗಿಯೇ ದಬ್ಬಣ ಸಿಕ್ಕಿಬಿದ್ದದ್ದು.

ಹಾಸಿಗೆ ಕಾರ್ಖಾನೆಯ ಖರೀದಿ ಗುಮಾಸ್ತನಿಗೆ ಆ ಹೆಸರು ಸರಿಯಾಗಿಯೇ ಒಪ್ಪುತ್ತಿತ್ತು. ಉದ್ದ, ಸಪೂರ, ಯಾರ ಮಾತಿನ ನಡುವೆಯೂ ನುಸುಳಬಲ್ಲ. ಹತ್ತಿ, ದಾರ, ಫಿನಾಯಿಲು, ಏನೇ ಬೇಕಾದರೂ ಫೋನಿನಲ್ಲಿ ಗೋಗರೆದು ತರಿಸುತ್ತಿದ್ದ. ಅಂದು ಬೆಳಿಗ್ಗೆ ಯಜಮಾನರು ಖರೀದಿಯನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಒಪ್ಪಿಸಿದರು.

"ಇನ್ಮೇಲೆ ದರ ಕೇಳೋದು, ಆರ್ಡರ್ ಕಳ್ಸೋದು ಎಲ್ಲಾ ಇದೇ ಮಾಡುತ್ತೆ. ನಿಮಗೇನು ಕೆಲಸ ಅಂತ ಸಂಜೆ ನೋಡೋಣ," ಎಂದು ಬ್ಯಾಂಕಿಗೆ ಹೊರಟರು.

ಆ 'ಸಂಜೆ ನೋಡೋಣ'ವನ್ನು ಹೊತ್ತುಕೊಂಡೇ ದಬ್ಬಣ ಕಂಪ್ಯೂಟರಿನ ಮುಂದೆ ಕೂತ.

ಕಂಪ್ಯೂಟರು ಹಳೆಯ ಹತ್ತಿ ವ್ಯಾಪಾರಿಯನ್ನೇ ಆರಿಸಿತ್ತು. ಆರ್ಡರಿನ ಕೆಳಗೆ ಏನಾದರೂ ಬರೆಯಲು ಜಾಗವಿತ್ತು. ಇದೇ ಕೊನೆಯ ಆರ್ಡರೇನೋ ಎಂದು ಮನಸ್ಸು ತುಂಬಿ ಬಂದು ಬರೆದ: 'ಎಷ್ಟೋ ಸಲ ನನ್ನ ಮಾನ ಉಳಿಸಿದವರು ನೀವು. ನಿಮ್ಮ ಉಪಕಾರ ಮರೆಯಲಾರೆ. ಹತ್ತಿ ಇವತ್ತೇ ಬೇಕು.' ಕಣ್ಣು ಮಂಜಾಗಿತ್ತು. 'ಕಳಿಸು' ಎನ್ನುವುದರ ಬದಲು 'ಎಲ್ಲರಿಗೂ ಕಳಿಸು' ಒತ್ತಿಬಿಟ್ಟ.

ಮಧ್ಯಾಹ್ನ ಹತ್ತಿಯ ಲಾರಿ ಬಂತು. ಅದರ ಹಿಂದೆ ದಾರದವನ ವ್ಯಾನು, ಅದರಲ್ಲೂ ಹತ್ತಿ. ಫಿನಾಯಿಲಿನವನ ಆಟೋದಲ್ಲೂ ಹತ್ತಿ.

"ನಾನು ಸ್ಕ್ರೂ ಮಾರೋನು. ಆದ್ರೂ ನನ್ನನ್ನ ನಂಬಿ ಹತ್ತಿ ಕೇಳಿದ್ರಲ್ಲ!" ಎಂದು ಸ್ಕ್ರೂ ಅಂಗಡಿಯವ ದಬ್ಬಣನ ಎರಡೂ ಕೈ ಹಿಡಿದುಕೊಂಡ. "ಬೀಗರ ಕಾಲು ಹಿಡಿದು ತಂದಿದ್ದೀನಿ."

ಗೇಟಿನ ಮುಂದೆ ಮೋಡಗಳೇ ನೆಲಕ್ಕಿಳಿದು ಸಾಲು ನಿಂತಂತಾಯಿತು.

"ನಾನಾಗಿದ್ರೆ ತಲೆನೋವು ಅಂತ ಮನೆಗೆ ಹೋಗ್ತಿದ್ದೆ," ಎಂದಳು ಲೆಕ್ಕ ವಿಭಾಗದ ಅಕ್ಕ.

"ಕಂಪ್ಯೂಟರ್ ಮೇಲೆ ಹಾಕಿಬಿಡಿ ಸಾರ್," ಎಂದ ವಾಚ್‌ಮನ್. "ಅದಕ್ಕೇನು ಹೆಂಡ್ತಿ ಮಕ್ಕಳಾ?"

ಅಷ್ಟರಲ್ಲಿ ಯಜಮಾನರ ಕಾರು ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಇಳಿದು ಮೂಟೆಗಳ ನಡುವೆ ನುಗ್ಗಿದರು. ಒಂದು ಮೂಟೆ ಬಾಯಿಬಿಟ್ಟಿತು. ಹೊರಬಂದಾಗ ಅವರಿಗೆ ಬಿಳಿ ಗಡ್ಡ ಬಂದಿತ್ತು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ದಬ್ಬಣ ಕೈಮುಗಿದು ನಿಂತ.

"ತಪ್ಪು ನಂದೇ. ಆರ್ಡರ್ ಒಬ್ಬರಿಗೆ ಹೋಗ್ಬೇಕಿತ್ತು, ಎಲ್ಲರಿಗೂ ಹೋಯ್ತು. ಆರ್ಡರ್ ಸುಳ್ಳು ಸ್ವಾಮಿ. ಆದ್ರೆ ಬರೆದ ಮಾತು ಪ್ರತಿಯೊಬ್ಬರ ವಿಷಯದಲ್ಲೂ ನಿಜ."

ಸ್ಕ್ರೂ ಅಂಗಡಿಯವ ಮೂಗೊರೆಸಿಕೊಂಡು, "ಹತ್ತಿ ವಾಪಸ್ ಹೋಗುತ್ತೆ, ಬಿಡಿ. ಮಾತು ಮಾತ್ರ ನನ್ನ ಹತ್ರಾನೇ ಇರ್ಲಿ," ಎಂದ. ಉಳಿದವರೂ ಗೊಣಗದೆ ಗಾಡಿ ತಿರುಗಿಸಿದರು. ತನ್ನ ಮೂಟೆಗಳನ್ನು ಇಳಿಸಿ ಹೋಗುತ್ತಾ ಹಳೆಯ ಹತ್ತಿ ವ್ಯಾಪಾರಿ ದಬ್ಬಣನನ್ನು ತೋರಿಸಿ ಯಜಮಾನರಿಗೆ ಹೇಳಿದ: "ಇವರಿದ್ರೇ ನಾವೂ ಇರ್ತೀವಿ, ಯಜಮಾನ್ರೇ."

ಸಂಜೆ ಯಜಮಾನರು ದಬ್ಬಣನನ್ನು ಕರೆದರು.

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ."

ದಬ್ಬಣ ಬಗ್ಗಿ ನಮಸ್ಕರಿಸಿದ.

"ಆರ್ಡರ್ ಸಾಫ್ಟ್‌ವೇರಲ್ಲೇ ಕಳ್ಸಿ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾಕೆ ಕೊಟ್ಟಿದ್ದು, ಯಾಕೆ ಕೊಟ್ಟಿಲ್ಲ ಅಂತ ನೀವೇ ಸಮಾಧಾನವಾಗಿ ಹೇಳಿ. ಇವತ್ತಿಂದಾನೇ ಶುರುವಾಗ್ಲಿ."

ಮೊದಲು ಫಿನಾಯಿಲಿನವನಿಗೆ ಫೋನ್ ಹಚ್ಚಿದ. ಆತ ತನ್ನ ಮಂಡಿನೋವಿನಿಂದ ಶುರುಮಾಡಿದ. ಅಕ್ಕ ಚೀಲ ಹೆಗಲಿಗೇರಿಸಿ ಮನೆಗೆ ಹೊರಟಳು, ವಾಚ್‌ಮನ್ ದೀಪ ಹಾಕಿ ಹೋದ. ಮಂಡಿನೋವು ಇನ್ನೂ ಎಡಗಾಲಿನದೇ ನಡೆಯುತ್ತಿತ್ತು.

"ಹೌದಾ ಅಣ್ಣಾ? ಹೇಳಿ, ಹೇಳಿ," ಎನ್ನುತ್ತಾ ದಬ್ಬಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.